ಒಂಚೂರಪ್ಪನ ಕತ್ತರಿ

ನನ್ನ ಭಾವನಿಗೆ ಲಿಫ್ಟ್ ಎಂದರೆ ಹೆದರಿಕೆ. ನಾಯಿ ಎಂದರೆ ಹೆದರಿಕೆ, ಅದು ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದರೂ ಸರಿ. ಗುರುತಿಲ್ಲದ ನಂಬರಿನಿಂದ ಫೋನ್ ಬಂದರೆ ಅದನ್ನು ನನ್ನ ಅಕ್ಕನ ಕೈಗೆ ತುರುಕಿ ತಾವು ಅಡುಗೆಮನೆಗೆ ಹೋಗಿ ನಿಲ್ಲುತ್ತಾರೆ. ಮನೆಗೆ ಬೀಗ ಹಾಕಿ ಮೆಟ್ಟಿಲು ಇಳಿದವರು ಹಿಂತಿರುಗಿ ಬಂದು ಬೀಗ ಎಳೆದು ನೋಡದಿದ್ದರೆ ಅವರಿಗೆ ಹೊರಗೆ ಹೋದ ಹಾಗೇ ಆಗುವುದಿಲ್ಲ. ಗೇಲಿ ಮಾಡಲು ನಾದಿನಿಗೆ ಇದಕ್ಕಿಂತ ಒಳ್ಳೆಯ ಭಾವ ಎಲ್ಲಿ ಸಿಗಬೇಕು? ಅವರ ಮದುವೆಯಾದ ದಿನದಿಂದ ನಾನು ಬಾಯಿಗೆ ಬಂದದ್ದು ಅನ್ನುತ್ತಲೇ ಬಂದಿದ್ದೇನೆ, ಅವರು ‘ಆಯ್ತು ತಾಯಿ’ ಎಂದು ಅನ್ನಿಸಿಕೊಳ್ಳುತ್ತಲೇ ಬಂದಿದ್ದಾರೆ.

ಅವರ ಕೆಲಸ ಕನ್ನಡಕದ ಅಂಗಡಿಯಲ್ಲಿ. ಗಿರಾಕಿಗಳು ಕನ್ನಡಿ ನೋಡಿಕೊಳ್ಳುವ ಮುಂಭಾಗದಲ್ಲಿ ಅಲ್ಲ, ಹಿಂದಿನ ಕೋಣೆಯಲ್ಲಿ. ಅಲ್ಲೊಂದು ಉಜ್ಜುವ ಚಕ್ರ, ಅದರ ಮೇಲೆ ಸದಾ ತೊಟ್ಟಿಕ್ಕುವ ನೀರು, ಗೋಡೆಯ ತುಂಬ ಮೊಳೆಗೆ ನೇತುಹಾಕಿದ ಫ್ರೇಮುಗಳು. ದುಂಡಗೆ ಬರುವ ಗಾಜಿನ ಅಂಚನ್ನು ಗಿರಾಕಿ ಆರಿಸಿದ ಫ್ರೇಮಿಗೆ ಕೂರುವ ಹಾಗೆ ಉಜ್ಜಿ ಕೊಡಬೇಕು. ಉಜ್ಜಿದ್ದು ಹೆಚ್ಚಾದರೆ ಗಾಜು ಫ್ರೇಮಿನಲ್ಲಿ ಲೊಡಲೊಡ ಅನ್ನುತ್ತದೆ, ಎಸೆಯುವುದೊಂದೇ ದಾರಿ. ಹಾಗಾಗಿ ಭಾವ ಯಾವತ್ತೂ ಸ್ವಲ್ಪ ಉಳಿಸಿಯೇ ಉಜ್ಜುತ್ತಾರೆ. ಕೂರಿಸಿ ನೋಡುತ್ತಾರೆ, ಕೂರುವುದಿಲ್ಲ. ಮತ್ತೆ ಕೂದಲೆಳೆಯಷ್ಟು ಉಜ್ಜುತ್ತಾರೆ, ಮತ್ತೆ ಕೂರಿಸಿ ನೋಡುತ್ತಾರೆ. ‘ಆಯ್ತೇನ್ರೀ?’ ಎಂದು ಯಜಮಾನರು ಮುಂದಿನಿಂದ ಕೂಗಿದರೆ ಒಳಗಿಂದ ಬರುವ ಉತ್ತರ ಒಂದೇ: ‘ಒಂಚೂರು ಇರಿ.’ ಯಜಮಾನರು ಅವರಿಗೆ ಒಂಚೂರಪ್ಪ ಎಂದು ಹೆಸರಿಟ್ಟರು. ಆ ಹೆಸರು ಅಂಗಡಿಯಿಂದ ನಮ್ಮ ಕಟ್ಟಡದವರೆಗೂ ನಡೆದುಕೊಂಡು ಬಂತು.

ಆ ಒಂಚೂರಿನ ಕೈಯೇ ಸಂಜೆ ಮನೆಗೆ ಬಂದು ಗಿಡಗಳ ಮೇಲೆ ಆಡುತ್ತಿತ್ತು. ಅವರ ಮನೆ ಮೇಲಿನ ಮಹಡಿಯಲ್ಲಿ. ನಾನು ಅದೇ ಕಟ್ಟಡದಲ್ಲಿ ಎರಡು ಮಹಡಿ ಕೆಳಗೆ, ಪರದೆ ಹೊಲಿಯುವ ಯಂತ್ರ ಇಟ್ಟುಕೊಂಡು ಒಬ್ಬಳೇ ಇದ್ದೇನೆ. ಅವರ ಬಾಲ್ಕನಿಯ ಉದ್ದಕ್ಕೂ ಹಲಗೆ, ಹಲಗೆಯ ಮೇಲೆ ತಟ್ಟೆಯಂಥ ಕುಂಡಗಳು, ಕುಂಡಗಳಲ್ಲಿ ಮೊಣಕೈ ಎತ್ತರದ ಮರಗಳು. ಬೋನ್ಸಾಯ್ ಮಾಡುವವರು ಸಾಮಾನ್ಯವಾಗಿ ಗಟ್ಟಿ ಕಟ್ಟಿಗೆಯ ಜಾತಿಗಳನ್ನು ಹಿಡಿಯುತ್ತಾರಂತೆ. ಭಾವ ಹಿಡಿದದ್ದು ಎಲೆಯಲ್ಲೂ ಕಾಂಡದಲ್ಲೂ ನೀರು ತುಂಬಿಕೊಂಡು ಕೂರುವ ದಪ್ಪ ಮೈಯ ಗಿಡಗಳನ್ನು. ಸಕ್ಯುಲೆಂಟ್ ಅನ್ನುತ್ತಾರಲ್ಲ, ಅವುಗಳನ್ನು. ಅದರಲ್ಲೂ ಜೇಡ್ ಗಿಡ. ಕಾಸಿನಗಲದ ಹಸಿರೆಲೆ, ಬಿಸಿಲು ತಾಗಿದರೆ ಅಂಚು ಕೆಂಪು, ಮುದುಕರ ಮಂಡಿಯ ಹಾಗೆ ಗಂಟುಗಂಟಾದ ಕಾಂಡ.

ಅವುಗಳ ನಿಯಮಗಳೆಲ್ಲ ತಲೆಕೆಳಗು. ಕೊಂಬೆ ಬಗ್ಗಿಸಬೇಕಾದರೆ ಮೊದಲು ಗಿಡವನ್ನು ಬಾಯಾರಿಸಬೇಕು. ನೀರು ತುಂಬಿದ ಕೊಂಬೆ ಸೌತೆಕಾಯಿಯಂತೆ ಪಟ್ಟನೆ ಮುರಿಯುತ್ತದೆ, ಒಣಗಿದ ಮೇಲೆ ಹೇಳಿದ ಮಾತು ಕೇಳುತ್ತದೆ. ಬಗ್ಗಿಸಿದ ಕೊಂಬೆಗೆ ಮೆತ್ತಗಿನ ತಂತಿ ಸುತ್ತಿ, ಅದು ಮೈಗೆ ಕಚ್ಚುವ ಮುಂಚೆ ತುಂಡು ತುಂಡಾಗಿ ಕತ್ತರಿಸಿ ತೆಗೆಯಬೇಕು. ಕೊಂಬೆ ಕತ್ತರಿಸಿದರೆ ಗಾಯಕ್ಕೆ ಬೂದಿ ಸವರಿ, ನೀರು ತೋರಿಸದೆ, ಮುಟ್ಟದೆ, ಗಾಳಿಗೆ ಬಿಡಬೇಕು. ‘ಗಾಯ ಒಣಗಬೇಕು. ಒಣಗಿದ್ರೆ ಗಿಡ ಉಳೀತು ಅಂತ ಲೆಕ್ಕ. ಒದ್ದೆ ತಾಗಿದ್ರೆ ಮುಗೀತು’ ಎಂದು ಭಾವ ನನಗೆ ಎಷ್ಟು ಸಲ ಹೇಳಿದ್ದಾರೋ. ಅವರ ಹತ್ತಿರ ಒಂದು ಬೂದಿಯ ಡಬ್ಬಿ ಇತ್ತು, ಅದರ ಜೊತೆ ಕನ್ನಡಕದ ಅಂಗಡಿಯಿಂದ ತಂದ ಸಣ್ಣ ಬ್ರಷ್ಷು. ನನ್ನ ಮುಖಕ್ಕೆ ಪೌಡರ್ ಹಚ್ಚುವಾಗ ನಾನು ಅಷ್ಟು ನಾಜೂಕು ಮಾಡಿದವಳಲ್ಲ.

ಹಲಗೆಯ ನಡುವೆ ಅಜ್ಜ, ಅಜ್ಜಿ ಎಂಬ ಎರಡು ಹಳೆಯ ಮರಗಳಿದ್ದವು. ಅಕ್ಕ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಕೆಲಸ ಮಾಡುತ್ತಿದ್ದಾಗ ಅಲ್ಲಿನ ಕಿಟಕಿಯ ಗಿಡದಿಂದ ಬಿದ್ದ ಎರಡು ಎಲೆಗಳನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದಳು. ಎಲೆಯಿಂದಲೇ ಬೇರು ಬಿಡುವ ಗಿಡ ಅದು. ಅವಳು ಹೊಸ ಮದುಮಗಳು ಆಗ. ಮಕ್ಕಳಾಗಲಿಲ್ಲ, ಮರಗಳಾದವು ಎಂದು ಅವಳೇ ನಗುತ್ತಾಳೆ.

ಅಜ್ಜ ಸತ್ತದ್ದನ್ನು ಇಲ್ಲಿ ಹೇಳಲೇಬೇಕು. ಒಂದು ಬೆಳಿಗ್ಗೆ ಭಾವ ಎಂದಿನಂತೆ ಒಂದೊಂದೇ ಕಾಂಡದ ಬುಡವನ್ನು ಹೆಬ್ಬೆರಳಿನಿಂದ ಒತ್ತುತ್ತ ಬಂದರು. ಗಟ್ಟಿ ಇದ್ದರೆ ಕ್ಷೇಮ. ಅಜ್ಜನ ಬುಡದಲ್ಲಿ ಹೆಬ್ಬೆರಳು ಒಳಗೆ ಹೋಯಿತು. ಹೊರಗಿನ ತೊಗಟೆ ಹಾಗೇ ಇತ್ತು, ಎಲೆಗಳು ಹೊಳೆಯುತ್ತಿದ್ದವು, ಒಳಗೆ ಮಾತ್ರ ಕೊಳೆತಿತ್ತು. ಅಂಥ ಮರವನ್ನು ಕೊಳೆಯ ಮೇಲಕ್ಕೆ ಕೊಯ್ಯಬೇಕು. ಕೊಯ್ದ ಮುಖದ ನಡುವೆ ಕಂದು ಚುಕ್ಕೆ ಕಂಡರೆ ಕೊಳೆ ಇನ್ನೂ ಮೇಲಿದೆ ಎಂದರ್ಥ. ಚುಕ್ಕೆ ಇಲ್ಲದೆ ತಿಳಿಹಸಿರು ಬರುವಲ್ಲಿ ಕೊಯ್ದರೆ ಮೇಲಿನ ಭಾಗ ಹೊಸ ಬೇರು ಬಿಟ್ಟು ಬದುಕುತ್ತದೆ.

ಭಾವ ಒಂಚೂರು ಕೊಯ್ದರು. ಚುಕ್ಕೆ ಇತ್ತು. ಇನ್ನೂ ಮೇಲೆ ಕೊಯ್ಯಲು ಅವರಿಗೆ ಮನಸ್ಸು ಬರಲಿಲ್ಲ. ಬೂದಿ ಹಚ್ಚಿ, ‘ಇಷ್ಟಕ್ಕೇ ನಿಲ್ಲಬಹುದು’ ಎಂದು ನೆರಳಿಗಿಟ್ಟರು. ಮರುದಿನ ಚುಕ್ಕೆ ನಾಣ್ಯದಷ್ಟಾಗಿತ್ತು. ಮತ್ತೆ ಒಂಚೂರು. ಅದರ ಮರುದಿನ ಮತ್ತೆ ಒಂಚೂರು. ಕತ್ತಿ ಒಂದು ಬೆರಳು ಮೇಲೆ ಹೋದರೆ ಕೊಳೆ ಎರಡು ಬೆರಳು ಮೇಲಿರುತ್ತಿತ್ತು. ಕೊನೆಗೆ ಅವರ ಅಂಗೈಯಲ್ಲಿ ಉಳಿದದ್ದು ತುದಿಯ ಒಂದು ಕಡ್ಡಿ, ಅದೂ ಸಂಜೆಯ ಹೊತ್ತಿಗೆ ಕಪ್ಪಾಯಿತು. ಅಕ್ಕ ಬಾಗಿಲಿಗೆ ಒರಗಿ ನಿಂತು ಎಲ್ಲ ನೋಡಿದ್ದಳು. ‘ಮೊದಲ ದಿನಾನೇ ಮೇಲೆ ಕೊಯ್ದಿದ್ರೆ ಅರ್ಧ ಮರ ಆದ್ರೂ ಉಳೀತಿತ್ತು ಕಣ್ರೀ’ ಎಂದಳು, ಅಷ್ಟೆ. ಆಮೇಲೆ ಬಹಳ ದಿನ ಭಾವ ಆ ಜಾಗದಲ್ಲಿ ಬೇರೆ ಕುಂಡ ಇಡಲಿಲ್ಲ.

ಅಕ್ಕನಿಗೆ ಸಕ್ಕರೆ ಕಾಯಿಲೆ ನಮ್ಮ ಅಮ್ಮನಿಂದ ಬಂದದ್ದು. ಅಮ್ಮ ಕಾಲಿಗೆ ಹುಣ್ಣಾಗಿ ಆಸ್ಪತ್ರೆಗೆ ಹೋದವಳು ವಾಪಸು ಬರಲಿಲ್ಲ. ಅಂದಿನಿಂದ ಅಕ್ಕನಿಗೆ ಆಸ್ಪತ್ರೆಯ ಫಿನಾಯಿಲ್ ವಾಸನೆ ಬಂದರೆ ಸಾಕು, ಮುಖದ ಬಣ್ಣ ಇಳಿಯುತ್ತಿತ್ತು. ಗಂಡನ ಹೆದರಿಕೆಗಳನ್ನೆಲ್ಲ ಮಡಿಲಲ್ಲಿ ಕಟ್ಟಿಕೊಂಡು ತಿರುಗುತ್ತಿದ್ದ ಹೆಂಗಸಿಗೆ ತನ್ನದೇ ಎಂದು ಇದ್ದ ಹೆದರಿಕೆ ಇದೊಂದೇ. ಮಾತ್ರೆ ನುಂಗುತ್ತಿದ್ದಳು, ನಡೆಯುತ್ತಿದ್ದಳು, ಅಷ್ಟರಲ್ಲೇ ಎಲ್ಲ ಸರಿಯಿದೆ ಎಂದುಕೊಂಡಿದ್ದಳು. ಪಾದಗಳು ಮರಗಟ್ಟಿ ಹೋಗಿದ್ದವು. ಚಪ್ಪಲಿ ಕಳಚಿಬಿದ್ದರೂ ಗೊತ್ತಾಗದೆ ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತಿದ್ದಳು. ನಾವು ಅದನ್ನೂ ತಮಾಷೆ ಮಾಡುತ್ತಿದ್ದೆವು.

ಮಧ್ಯಾಹ್ನದ ಹೊತ್ತು ಅವಳು ಕೆಳಗಿಳಿದು ಬಂದು ನನ್ನ ಯಂತ್ರದ ಪಕ್ಕ ಕೂತು ದಾರದ ತುದಿಗಳನ್ನು ಕತ್ತರಿಸುತ್ತ ಊರವರ ಸುದ್ದಿಯನ್ನೆಲ್ಲ ಹಿಂಜುತ್ತಿದ್ದಳು. ಅದು ಇದ್ದಕ್ಕಿದ್ದಂತೆ ನಿಂತಿತು. ಫೋನ್ ಮಾಡಿದರೆ, ‘ಮಂಡಿ ನೋವು ಕಣೇ, ಮೆಟ್ಟಿಲು ಬೇಡ ಅನ್ಸುತ್ತೆ’ ಎಂದಳು. ಲಿಫ್ಟ್ ಇದೆಯಲ್ಲ ಎಂದರೆ, ‘ಇವರ ಚಾಳಿ ನನಗೂ ಬಂತು’ ಎಂದು ನಕ್ಕಳು. ಆ ನಗು ನನಗೆ ಸರಿಬರಲಿಲ್ಲ. ಪರದೆಯ ಬಟ್ಟೆಯನ್ನು ಯಂತ್ರದ ಕೆಳಗೇ ಬಿಟ್ಟು ಮೇಲೆ ಹೋದೆ.

ಬಾಗಿಲು ತೆರೆದವರು ಭಾವ. ಅಂಗಡಿಗೆ ಹೋಗಬೇಕಾದ ಹೊತ್ತಿನಲ್ಲಿ ಮನೆಯಲ್ಲಿದ್ದರು. ‘ಅವಳು ಮಲಗಿದ್ದಾಳೆ, ಆಮೇಲೆ ಬಾ’ ಎಂದು ಬಾಗಿಲನ್ನು ಅರ್ಧ ಹಿಡಿದುಕೊಂಡೇ ನಿಂತರು. ನನ್ನ ಭಾವ ಯಾರಿಗಾದರೂ ಬಾಗಿಲು ಅಡ್ಡ ಹಿಡಿದದ್ದನ್ನು ನಾನು ಅದೇ ಮೊದಲು ನೋಡಿದ್ದು. ಅವರನ್ನು ಸರಿಸಿಕೊಂಡು ಒಳಗೆ ಹೋದೆ.

ಅಕ್ಕ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಕೆನ್ನೆ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿತ್ತು. ಸೆಖೆಯಲ್ಲೂ ಒಂದು ಕಾಲಿಗೆ ಕಾಲುಚೀಲ ಹಾಕಿದ್ದಳು. ಕೋಣೆಯಲ್ಲಿ ಊದುಬತ್ತಿ ಉರಿಯುತ್ತಿತ್ತು. ಅದರ ಕೆಳಗೆ ಇನ್ನೊಂದು ವಾಸನೆ ಇತ್ತು, ಹೂದಾನಿಯ ಹಳೆಯ ನೀರಿನದು. ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತಿದ್ದವಳಿಗೆ ಮಂಚದ ಪಕ್ಕದ ಸ್ಟೂಲಿನ ಮೇಲಿದ್ದ ವಸ್ತು ಕಾಣಿಸಿತು. ಬೂದಿಯ ಡಬ್ಬಿ. ಡಬ್ಬಿಯ ಮೇಲೆ ಆ ಸಣ್ಣ ಬ್ರಷ್ಷು.

ಬಾಲ್ಕನಿಯಲ್ಲಿ ಇರಬೇಕಾದ ಡಬ್ಬಿ ಮಲಗುವ ಕೋಣೆಯಲ್ಲಿ ಯಾಕಿದೆ ಎಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ.

‘ಏನ್ ಮಾಡಿದ್ದೀರಿ ಭಾವ?’ ಎಂದೆ.

ಅವರು ಒಂದೊಂದಾಗಿ ಹೇಳಿದರು. ಅಜ್ಜಿ ಮರದ ಕೊಂಬೆಯ ತಂತಿ ಕತ್ತರಿಸುವಾಗ ಒಂದು ತುಂಡು ಹಾರಿ ಬಾಲ್ಕನಿಯ ನೆಲದಲ್ಲಿ ಎಲ್ಲೋ ಬಿದ್ದಿತ್ತು. ಹುಡುಕಿದರೂ ಸಿಕ್ಕಿರಲಿಲ್ಲ. ಅದು ಸಿಕ್ಕಿದ್ದು ಅಕ್ಕನ ಚಪ್ಪಲಿಯ ಅಟ್ಟೆಯಲ್ಲಿ, ತುದಿ ಮೇಲೆ ಮಾಡಿಕೊಂಡು, ಅವಳು ಅದರ ಮೇಲೆ ಎಷ್ಟೋ ದಿನ ಓಡಾಡಿದ ಮೇಲೆ. ಕಿರುಬೆರಳ ಬುಡದಲ್ಲಿ ತೂತಾಗಿ ರಸಿಗೆ ಕಟ್ಟಿತ್ತು. ಅವಳಿಗೆ ನೋವೇ ಇರಲಿಲ್ಲ. ಆಸ್ಪತ್ರೆ ಬೇಡ, ನನ್ನ ಕಿವಿಗೂ ಹಾಕುವುದು ಬೇಡ, ಮನೆಯಲ್ಲೇ ಏನಾದರೂ ಮಾಡಿ ಎಂದು ಅಕ್ಕ ಹಟ ಹಿಡಿದಳು. ಭಾವನಿಗೆ ಗಾಯ ಎಂದರೆ ತಿಳಿದಿದ್ದ ಮದ್ದು ಒಂದೇ. ನೀರು ತಾಗಿಸಲಿಲ್ಲ. ಪಟ್ಟಿ ಕಟ್ಟಲಿಲ್ಲ. ಬೂದಿ ಸವರಿದರು, ಫ್ಯಾನ್ ಗಾಳಿಗೆ ಬಿಟ್ಟರು, ಮುಟ್ಟದೆ ಕಾದರು. ಯಾರಾದರೂ ಬಂದರೆ ಮಾತ್ರ ಕಾಲುಚೀಲ.

‘ಒಣಗ್ತಾ ಇದೆ ನೋಡು’ ಎಂದು ಅವರು ಮೆಲ್ಲನೆ ಕಾಲುಚೀಲ ಕಳಚಿದರು. ನಿಜಕ್ಕೂ ಗಾಯದ ಬಾಯಿ ಮುಚ್ಚಿತ್ತು. ಬೂದು ಬಣ್ಣದ ಗಟ್ಟಿ ಹಕ್ಕಳೆ ಕೂತಿತ್ತು, ಅವರ ಗಿಡಗಳಲ್ಲಿ ನಾನು ಎಷ್ಟೋ ಸಲ ನೋಡಿದ್ದ ಹಾಗೆಯೇ. ಅವರ ಮುಖದಲ್ಲಿ ಪರೀಕ್ಷೆ ಪಾಸಾದವರ ಕಳೆ ಇತ್ತು. ಆದರೆ ಕಿರುಬೆರಳೂ ಅದರ ಪಕ್ಕದ ಬೆರಳೂ ನೇರಳೆಗಟ್ಟಿದ್ದವು. ಪಾದ ಊದಿ ಹೊಳೆಯುತ್ತಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನ ಕೆಳಗೆ ಇದ್ದದ್ದು ಬರೀ ಹೆದರಿಕೆ ಎಂದು ನನಗೇ ಗೊತ್ತಿತ್ತು. ‘ಒಣಗಿದ್ರೆ ಒತ್ತಿ ನೋಡಿ. ಗಿಡ ಆದ್ರೆ ದಿನಾ ಒತ್ತಿ ನೋಡ್ತೀರಲ್ಲ, ಇದನ್ನೂ ಒತ್ತಿ ನೋಡಿ’ ಎಂದೆ.

‘ಗಾಯ ಒಣಗೋವರೆಗೂ ಮುಟ್ಟಬಾರದು’ ಎಂದರು.

‘ಒಣಗಿದೆ ಅಂದ್ರಲ್ಲ ಈಗ. ಒತ್ತಿ.’

ಭಾವ ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು ಹೆಬ್ಬೆರಳನ್ನು ಹಕ್ಕಳೆಯ ಪಕ್ಕದಲ್ಲಿ ಇಟ್ಟರು. ಬೆಳಿಗ್ಗೆ ಕುಂಡಗಳ ಮುಂದೆ ಇಡುವ ಹಾಗೆಯೇ ಇಟ್ಟರು. ಒತ್ತಿದರು. ಹೆಬ್ಬೆರಳು ಒಳಗೆ ಹೋಯಿತು. ಹಕ್ಕಳೆಯ ಅಂಚಿನಿಂದ ಕಂದು ನೀರು ಒಸರಿತು, ಆ ವಾಸನೆ ಕೋಣೆಯನ್ನೆಲ್ಲ ತುಂಬಿತು. ಅಕ್ಕ ನಮ್ಮಿಬ್ಬರ ಮುಖವನ್ನು ಬದಲಿಸಿ ಬದಲಿಸಿ ನೋಡುತ್ತ, ‘ಏನಾಯ್ತು? ಒತ್ತಿದ್ರಾ?’ ಎಂದು ಕೇಳಿದಳು. ಅವಳಿಗೆ ಅದು ಗೊತ್ತೇ ಆಗಿರಲಿಲ್ಲ.

ಭಾವ ಹೆಬ್ಬೆರಳು ತೆಗೆಯಲಿಲ್ಲ. ತೆಗೆದರೆ ಏನೋ ಆಗಿಬಿಡುತ್ತದೆ ಎಂಬಂತೆ ಅಲ್ಲೇ ಇಟ್ಟುಕೊಂಡು ಕೂತಿದ್ದರು. ಅವರ ಹಣೆಯಿಂದ ಬೆವರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಆ ಮೆತ್ತಗಿದ್ದದ್ದು ಏನೆಂದು ಆ ಬೆರಳಿಗೆ ಗೊತ್ತಿತ್ತು. ನನ್ನ ಜೀವಮಾನದಲ್ಲಿ ನಾನು ಎಷ್ಟೋ ಹೆದರಿದ ಮುಖಗಳನ್ನು ನೋಡಿದ್ದೇನೆ. ಅಂಥದ್ದನ್ನು ಇನ್ನೊಮ್ಮೆ ನೋಡುವುದು ಬೇಡ.

ಅಂಬುಲೆನ್ಸ್‌ಗೆ ಫೋನ್ ಮಾಡಿದವಳು ನಾನು. ಅಕ್ಕ ಬೇಡ ಬೇಡ ಎಂದು ದಿಂಬು ಹಿಡಿದುಕೊಂಡಳು, ಅಮ್ಮನ ಹೆಸರು ತೆಗೆದು ಅತ್ತಳು. ನಾನು ಬೈದೆ. ಆಗ ಭಾವ ಮಾತಿಲ್ಲದೆ ಅಡುಗೆಮನೆಯ ಕುರ್ಚಿ ತಂದರು, ಅವಳನ್ನು ಎತ್ತಿ ಕೂರಿಸಿದರು, ಕುರ್ಚಿಯ ಸಮೇತ ಲಿಫ್ಟಿನ ಮುಂದೆ ಎಳೆದುಕೊಂಡು ಹೋದರು. ಜಾಲರಿ ಬಾಗಿಲು ಎಳೆದುಕೊಂಡಾಗ ಅವರ ಕುತ್ತಿಗೆಯ ನರ ದಾರದಂತೆ ಎದ್ದು ನಿಂತಿತ್ತು. ಕಣ್ಣು ಮುಚ್ಚಿ, ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದು ಇಳಿದರು. ಅಕ್ಕ ಅಳುವುದು ನಿಲ್ಲಿಸಿ ತಲೆ ಎತ್ತಿ ಅವರನ್ನೇ ನೋಡುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಅವರು ಅದರೊಳಗೆ ಕಾಲಿಟ್ಟಿರಲಿಲ್ಲ.

ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಡಾಕ್ಟರು ಒಬ್ಬ ಹೆಂಗಸು, ನನ್ನಷ್ಟೇ ವಯಸ್ಸು, ಮಾತು ಚುಟುಕು. ಹಕ್ಕಳೆ ಬಿಡಿಸಿ, ತೊಳೆದು, ಕಾಲಿನ ನಾಡಿ ಹುಡುಕಿದರು, ಎಕ್ಸ್‌ರೇ, ಸ್ಕ್ಯಾನ್ ತೆಗೆಸಿದರು. ‘ಮೇಲೆ ಮುಚ್ಚಿದ್ದಕ್ಕೇ ಕೀವು ಒಳಗೆ ಹೋಗೋಕೆ ದಾರಿ ಆಯ್ತು’ ಎಂದರು. ಯಾರು ಮುಚ್ಚಿದರು ಎಂದು ಕೇಳಲಿಲ್ಲ. ಭಾವ ತಾವಾಗಿಯೇ, ‘ನಾನೇ ಬೂದಿ ಹಾಕಿದ್ದು’ ಎಂದರು. ಡಾಕ್ಟರು ಒಂದು ಕ್ಷಣ ಅವರನ್ನು ನೋಡಿ, ಬೈಯದೆ, ಮುಂದಿನ ಮಾತು ಹೇಳಿದರು. ಪಾದ ಉಳಿಯುವುದಿಲ್ಲ. ಅಲ್ಲಿಗೆ ರಕ್ತವೇ ಹೋಗುತ್ತಿಲ್ಲ. ಮಂಡಿಯ ಕೆಳಗೆ ತೆಗೆಯಬೇಕು, ಇವತ್ತೇ ತೆಗೆಯಬೇಕು, ವಿಷ ಮೈಗೆ ಏರುತ್ತಿದೆ.

ಅಕ್ಕ ಹಾಸಿಗೆಯ ಕಂಬಿ ಹಿಡಿದುಕೊಂಡಳು. ‘ಬೆರಳು ತೆಗೀರಿ’ ಎಂದಳು. ‘ಎರಡು ಬೆರಳು ಬೇಕಾದ್ರೆ ತೆಗೀರಿ. ಕಾಲು ಕೊಡಲ್ಲ.’

‘ಬೆರಳು ತೆಗೆದ್ರೆ ಎರಡು ದಿನಕ್ಕೆ ಮತ್ತೆ ತೆಗೀಬೇಕಾಗುತ್ತೆ. ಆಮೇಲೆ ಮತ್ತೆ. ಅಷ್ಟು ಸಲ ತಡೆದುಕೊಳ್ಳೋ ಶಕ್ತಿ ನಿಮ್ಮ ಹೃದಯಕ್ಕಿಲ್ಲ’ ಎಂದರು ಡಾಕ್ಟರು.

‘ನಮ್ಮಮ್ಮನಿಗೂ ಹೀಗೇ ಹೇಳಿದ್ರು. ಒಪ್ಪಿಕೊಂಡ್ಲು. ಹೋಗೇಬಿಟ್ಲು.’

ನಾನು ಕೈ ಮುಗಿದೆ, ಗದರಿಸಿದೆ, ಅತ್ತೆ. ಅಮ್ಮ ಒಪ್ಪಿದ್ದು ತಡವಾಗಿ, ಅದಕ್ಕೇ ಹಾಗಾಯಿತು ಎಂದೆ. ಅಕ್ಕ ಕೇಳಿಸಿಕೊಳ್ಳಲಿಲ್ಲ. ಅವಳ ಮೈ ಕೆಂಡವಾಗಿತ್ತು, ಉಸಿರು ಗಿಡ್ಡವಾಗಿತ್ತು, ಪಕ್ಕದ ಯಂತ್ರ ಆಗಾಗ ಕೂಗಿಕೊಳ್ಳುತ್ತಿತ್ತು. ಪಾದದ ನೇರಳೆ ಬಣ್ಣ ಬೆಳಿಗ್ಗೆ ಬೆರಳಲ್ಲಿದ್ದದ್ದು ಈಗ ಹಿಮ್ಮಡಿಯ ಕಡೆ ಹರಿದಿತ್ತು. ನಾನು ನೋಡುತ್ತಿದ್ದಂತೆಯೇ ಅದು ನಡೆಯುತ್ತಿದೆ ಅನ್ನಿಸಿತು. ಅವಳು ಒಪ್ಪದೆ ಡಾಕ್ಟರು ಮುಟ್ಟುವಂತಿರಲಿಲ್ಲ. ಹೀಗೇ ಹಟ ಹಿಡಿದು ಅವಳು ನನ್ನ ಕಣ್ಣ ಮುಂದೆಯೇ ಹೋಗಿಬಿಡುತ್ತಾಳೆ ಎಂದು ನನಗೆ ಖಾತ್ರಿಯಾಯಿತು.

ಡಾಕ್ಟರು ‘ಬೇಗ ಹೇಳಿ’ ಎಂದು ಪರದೆಯ ಆಚೆ ಹೋದರು. ಭಾವ ಹಾಸಿಗೆಯ ಕಾಲ ಬಳಿ ನಿಂತಿದ್ದರು.

ಅಕ್ಕ ಅವರ ಕಡೆ ತಿರುಗಿದಳು. ‘ರೀ, ಇಲ್ಲಿ ಬನ್ನಿ. ನೀವು ಹೇಳಿ. ಇವರೆಲ್ಲ ಏನಾದ್ರೂ ಹೇಳ್ತಾರೆ. ಇದು ನಿಮ್ಮ ಗಿಡ ಆಗಿದ್ರೆ ಎಲ್ಲಿ ಕೊಯ್ತಿದ್ರಿ?’

ಕೇಳಬಾರದ ಮನುಷ್ಯನನ್ನು ಕೇಳಿದ್ದಳು. ಗಾಜನ್ನು ಕೂದಲೆಳೆಯಷ್ಟು ಹೆಚ್ಚು ಉಜ್ಜಲು ಹೆದರುವವರು, ಅಜ್ಜನನ್ನು ಒಂಚೂರು ಒಂಚೂರೇ ಕೊಯ್ದು ಕೊಂದವರು. ಅವರು ಪಾದ ಅನ್ನುತ್ತಾರೆ, ಇಲ್ಲವೇ ಬೆರಳು ಅನ್ನುತ್ತಾರೆ, ಅವಳು ಅದನ್ನೇ ಹಿಡಿದುಕೊಳ್ಳುತ್ತಾಳೆ, ಅಲ್ಲಿಗೆ ಎಲ್ಲ ಮುಗಿಯುತ್ತದೆ. ಅಕ್ಕನಿಗೂ ಅದು ಗೊತ್ತಿತ್ತು, ಅದಕ್ಕೇ ಅವರನ್ನು ಕೇಳಿದಳು ಎಂದು ನನಗೆ ಆ ಕ್ಷಣ ಅನ್ನಿಸಿತು. ಕಡಿಮೆ ಕೊಯ್ಯುವವನ ಹತ್ತಿರ ಹೋಗಿದ್ದಳು ಅವಳು.

ಭಾವ ಹೊದಿಕೆ ಸರಿಸಿದರು. ಪಾದದಿಂದ ಶುರು ಮಾಡಿ ಹೆಬ್ಬೆರಳಿನಿಂದ ಒತ್ತುತ್ತ ಮೇಲೆ ಬಂದರು. ಬೆರಳ ಬುಡ, ಪಾದದ ಬೆನ್ನು, ಹಿಮ್ಮಡಿಯ ಗಂಟು. ಗಂಟಿನ ಮೇಲೆ ಚರ್ಮ ಇನ್ನೂ ಬಿಸಿಯಾಗಿ ಕೆಂಪಗಿತ್ತು, ಅಲ್ಲೂ ನಿಲ್ಲಲಿಲ್ಲ. ಮೀನಖಂಡದ ನಡುವಿಗೆ ಬಂದರು. ಅಲ್ಲಿ ಮಾಂಸ ಗಟ್ಟಿ ಇತ್ತು. ಅದನ್ನೂ ದಾಟಿದರು. ಮಂಡಿಯ ಕೆಳಗೆ, ಅಂಗೈಯಗಲ ಬಿಟ್ಟು, ಬೆರಳನ್ನು ಅಡ್ಡವಾಗಿ ಇಟ್ಟರು.

‘ಇಲ್ಲಿ’ ಎಂದರು.

ಅಕ್ಕ ಆ ಬೆರಳನ್ನೇ ನೋಡಿದಳು. ಅದರ ಕೆಳಗೆ ಉಳಿದದ್ದನ್ನೆಲ್ಲ ನೋಡಿದಳು. ಆ ಕಾಲಲ್ಲೇ ಏಣಿ ಹತ್ತಿ ಮೇಲಿನ ಕಪಾಟಿನ ಪುಸ್ತಕ ಜೋಡಿಸಿದವಳು, ಆ ಕಾಲಲ್ಲೇ ಎರಡು ಮಹಡಿ ಇಳಿದು ನನ್ನ ಹತ್ತಿರ ಬರುತ್ತಿದ್ದವಳು. ಅವಳ ಗಲ್ಲ ಅದುರಿತು. ಚಿಕ್ಕಂದಿನಲ್ಲಿ ಅಮ್ಮನ ಹತ್ತಿರ ಚೌಕಾಸಿ ಮಾಡುತ್ತಿದ್ದ ದನಿಯಲ್ಲಿ ಕೇಳಿದಳು, ‘ಒಂಚೂರು ಕೆಳಗೆ ಆಗಲ್ವಾ?’

ಪರದೆಯ ಆಚೆ ಯಾರದೋ ಹೆಜ್ಜೆ ಬಂದು ನಿಂತಿತು. ಭಾವನ ಕಣ್ಣಿನಿಂದ ನೀರು ಇಳಿದು ಗಡ್ಡದ ಕೂಳೆಯಲ್ಲಿ ಸಿಕ್ಕಿಕೊಂಡಿತ್ತು. ಬೆರಳು ಇಟ್ಟ ಜಾಗದಿಂದ ಅಲ್ಲಾಡಲಿಲ್ಲ.

‘ಇಲ್ಲ’ ಎಂದರು. ‘ಒಂಚೂರೂ ಆಗಲ್ಲ.’

ಅಕ್ಕ ಕಣ್ಣು ಮುಚ್ಚಿಕೊಂಡಳು. ಆಮೇಲೆ, ‘ಡಾಕ್ಟರನ್ನ ಕರಿಯೇ’ ಎಂದು ನನಗೆ ಹೇಳಿದಳು.

ಆಪರೇಷನ್ ಕೋಣೆಯ ಹೊರಗಿನ ಬೆಂಚಿನಲ್ಲಿ ನಾವಿಬ್ಬರೂ ಕೂತೆವು. ಅವರನ್ನು ಬೈಯಬೇಕೆಂದು ನಾನು ದಾರಿಯುದ್ದಕ್ಕೂ ಕೂಡಿಟ್ಟಿದ್ದ ಮಾತುಗಳೆಲ್ಲ ಬಾಯಲ್ಲೇ ಉಳಿದವು. ಅವರು ತಮ್ಮ ಬಲಗೈ ಹೆಬ್ಬೆರಳನ್ನು ಎಡಗೈಯಲ್ಲಿ ಮುಚ್ಚಿಕೊಂಡು ಕೂತಿದ್ದರು. ಬಾಗಿಲು ತೆರೆದುಕೊಂಡಾಗಲೆಲ್ಲ ಇಬ್ಬರೂ ಏಳುತ್ತಿದ್ದೆವು, ಬೇರೆ ಯಾರಿಗೋ ಬಂದವರನ್ನು ನೋಡಿ ಕೂರುತ್ತಿದ್ದೆವು. ಅಮ್ಮ ಹೋದ ದಿನವೂ ನಾನು ಇಂಥದೇ ಬೆಂಚಿನಲ್ಲಿ ಕೂತಿದ್ದೆ. ಆಗ ಪಕ್ಕದಲ್ಲಿ ಅಕ್ಕ ಇದ್ದಳು.

ಕೊನೆಗೆ ಡಾಕ್ಟರೇ ಬಂದರು, ತಲೆಯ ಟೋಪಿ ತೆಗೆಯುತ್ತ. ಅವರು ಬಾಯಿ ತೆರೆಯುವ ಮುಂಚೆ ಭಾವ ಎದ್ದು ನಿಂತು ಕೇಳಿದರು, ‘ಕೊಯ್ದ ಕಡೆ ಬಣ್ಣ ಹೇಗಿತ್ತು?’

ಡಾಕ್ಟರಿಗೆ ಅರ್ಥವಾಗಲಿಲ್ಲ. ನನ್ನ ಕಡೆ ನೋಡಿದರು.

‘ನಡುವೆ ಕಪ್ಪು ಇತ್ತಾ? ಚುಕ್ಕೆ?’ ಎಂದರು ಭಾವ.

‘ಇಲ್ಲ’ ಎಂದರು ಡಾಕ್ಟರು. ‘ಚೆನ್ನಾಗಿ ಕೆಂಪಗಿತ್ತು. ರಕ್ತ ಬಂತು. ಕೊಳೆತದ್ದು ಯಾವುದೂ ಉಳಿದಿಲ್ಲ.’

ಭಾವ ಬೆಂಚಿಗೆ ಕೂರಲು ಹೋಗಿ ಬೆಂಚು ಸಿಗದೆ ನೆಲಕ್ಕೇ ಕೂತರು. ನಾನೂ ಅವರ ಪಕ್ಕ ಗೋಡೆಗೆ ಒರಗಿ ಕೂತೆ. ಓಡಾಡುವವರು ನಮ್ಮನ್ನು ಸುತ್ತಿಕೊಂಡು ಹೋಗುತ್ತಿದ್ದರು. ಅಕ್ಕನಿಗೆ ಎಚ್ಚರ ಬಂದು, ಮೊದಲು ಹೊದಿಕೆಯ ಕೆಳಗೆ ಕೈ ಹಾಕಿ ತಡವಿ, ಆಮೇಲೆ ಗಂಡನ ಮುಖ ನೋಡಿದಾಗ, ಅವರು ಅವಳ ಕಿವಿಯ ಹತ್ತಿರ ಬಗ್ಗಿ ಹೇಳಿದ್ದು ಇಷ್ಟೇ: ‘ಚುಕ್ಕೆ ಇರಲಿಲ್ಲವಂತೆ ಕಣೇ.’